ಸಾವಿರ ಸಲ ಪರೀಕ್ಷಿಸಿದ ಕೆರೆ

ಆ ವರದಿಯ ನಲವತ್ತೊಂದನೇ ಪುಟದ ಕೆಳಗೆ, ವಿಶ್ಲೇಷಣೆ ಮಾಡಿದವರು ಎಂದು ನನ್ನ ಹೆಸರಿದೆ. ಅದರ ಮೇಲಿನ ವಾಕ್ಯ ಇದು: ‘ಈ ಫಲಿತಾಂಶವನ್ನು ಮರುಮಾದರಿ ವಿಧಾನದಿಂದ ಸಾವಿರ ಸಲ ಪರೀಕ್ಷಿಸಲಾಗಿದ್ದು, ಅಂಶಗಳ ಕ್ರಮ ವಿಶ್ವಾಸಾರ್ಹವಾಗಿದೆ.’ ಈ ವಾಕ್ಯವನ್ನು ನಾನು ಬರೆದಿಲ್ಲ. ಬರೆದವರು ಆ ವಿಧಾನವನ್ನು ನನಗೆ ಕಲಿಸಿದವರೇ.

ಎಲ್ಲರೂ ಅವರನ್ನು ಮೇಡಂ ಅನ್ನುತ್ತಿದ್ದರು. ನಾನೊಬ್ಬಳು ಅಕ್ಕ ಅನ್ನುತ್ತಿದ್ದೆ. ತುಮಕೂರಿನ ಒಂದು ಇಂಜಿನಿಯರಿಂಗ್ ಕಾಲೇಜಿನ ಸಿವಿಲ್ ವಿಭಾಗದಲ್ಲಿ ನಾನು ಅತಿಥಿ ಉಪನ್ಯಾಸಕಿಯಾಗಿ ಸೇರಿದಾಗ ಅವರು ಅಲ್ಲಿ ಹಿರಿಯ ಅಧ್ಯಾಪಕಿ. ಸ್ಟಾಫ್ ರೂಮಿನಲ್ಲಿ ನನಗೆ ಕುರ್ಚಿ ಇರಲಿಲ್ಲ. ಅವರು ತಮ್ಮ ಮೇಜಿನ ಒಂದು ಬದಿಯ ಪುಸ್ತಕಗಳನ್ನು ಕೆಳಗಿಳಿಸಿ, ‘ಇಲ್ಲಿ ಕೂತ್ಕೊ’ ಅಂದರು. ನಾಲ್ಕು ವರ್ಷ ಅಲ್ಲೇ ಕೂತೆ. ಆಮೇಲೆ ಅವರು ಕೆಲಸ ಬಿಟ್ಟು, ಊರಿನ ಒಂದು ಜೆರಾಕ್ಸ್ ಅಂಗಡಿಯ ಮೇಲೆ ಎರಡು ಕೋಣೆ ಹಿಡಿದು, ಕೆರೆ–ಕಟ್ಟೆಗಳ ಅಧ್ಯಯನ ಮಾಡಿಕೊಡುವ ಸಣ್ಣ ಸಂಸ್ಥೆ ಶುರು ಮಾಡಿದರು. ಆ ವರ್ಷ ಕಾಲೇಜಿನವರು ನನ್ನನ್ನು ಮುಂದುವರಿಸಲಿಲ್ಲ. ವಿಷಯ ತಿಳಿದ ದಿನವೇ ಅಕ್ಕ ಆಫೀಸಿನ ಎರಡನೇ ಬೀಗದಕೈಯನ್ನು ನನ್ನ ಕೈಗೆ ಹಾಕಿದರು.

ಮರುಮಾದರಿ ಅಂದರೇನು ಎಂದು ಅವರು ಕಲಿಸಿದ್ದು ಕಂಪ್ಯೂಟರಿನಲ್ಲಲ್ಲ, ಬಸ್ ಟಿಕೆಟ್ಟಿನಲ್ಲಿ. ಅಕ್ಕ ಗುಬ್ಬಿಯಿಂದ ದಿನಾ ಬಸ್ಸಿಗೆ ಬರುತ್ತಿದ್ದರು. ಟಿಕೆಟ್ಟನ್ನು ಎಸೆಯದೆ ಅದರ ಹಿಂದೆ ಅವತ್ತು ಬಸ್ಸಿಗೆ ಎಷ್ಟು ನಿಮಿಷ ಕಾದೆ ಎಂದು ಬರೆದಿಡುವುದು ಅವರ ಅಭ್ಯಾಸ. ಒಂದು ಮಧ್ಯಾಹ್ನ ಇಪ್ಪತ್ತು ಟಿಕೆಟ್ಟು ನನ್ನ ಮುಂದೆ ಹರಡಿದರು.

‘ಸರಾಸರಿ ತೆಗಿ.’

‘ಹದಿನಾಲ್ಕು ನಿಮಿಷ ಅಕ್ಕ.’

‘ಗ್ಯಾರಂಟಿನಾ?’

ನಾನು ಮತ್ತೆ ಕೂಡಿ ನೋಡಿ ಗ್ಯಾರಂಟಿ ಅಂದೆ. ಅವರು ನಕ್ಕು, ಟಿಕೆಟ್ಟುಗಳನ್ನೆಲ್ಲ ತಮ್ಮ ಊಟದ ಡಬ್ಬಿಗೆ ಹಾಕಿ ಅಲುಗಾಡಿಸಿದರು. ಒಂದು ಎತ್ತು, ಬರೆದುಕೋ, ಮತ್ತೆ ಡಬ್ಬಿಗೇ ಹಾಕು. ಹೀಗೆ ಇಪ್ಪತ್ತು ಸಲ ಮಾಡಿ ಸರಾಸರಿ ತೆಗಿ. ಆಮೇಲೆ ಮೊದಲಿಂದ ಶುರು ಮಾಡು. ಕೆಲವು ಟಿಕೆಟ್ಟು ಮೂರು ಸಲ ಬಂದವು, ಕೆಲವು ಬರಲೇ ಇಲ್ಲ. ಒಂದು ಸುತ್ತಿಗೆ ಹನ್ನೊಂದು ನಿಮಿಷ ಬಂತು, ಇನ್ನೊಂದಕ್ಕೆ ಹತ್ತೊಂಬತ್ತು.

‘ನೋಡಿದ್ಯಾ? ಹದಿನಾಲ್ಕು ಅನ್ನೋದು ಒಂದು ನಂಬರ್ ಅಷ್ಟೆ. ನಮಗೆ ಗೊತ್ತಿರೋದು ಹನ್ನೊಂದರಿಂದ ಹತ್ತೊಂಬತ್ತರ ಒಳಗೆ ಎಲ್ಲೋ ಇದೆ ಅಂತ. ಅದನ್ನ ಮುಚ್ಚಿಟ್ಟು ಹದಿನಾಲ್ಕು ಅಂತ ಧೈರ್ಯವಾಗಿ ಹೇಳೋರನ್ನ ನಂಬಬೇಡ ಕಣೇ.’

ಕುಣಿಗಲ್ ಕಡೆಯ ಆ ಊರಿನ ಕೆರೆಯ ಕೆಲಸ ಬಂದದ್ದು ನಾನು ಆಫೀಸು ಸೇರಿ ಎರಡನೇ ವರ್ಷ. ಮಳೆ ಚೆನ್ನಾಗಿ ಬಂದ ವರ್ಷವೂ ಆ ಕೆರೆ ಬೇಸಿಗೆಯ ಹೊತ್ತಿಗೆ ಒಣಗುತ್ತಿತ್ತು. ಅದನ್ನು ಸರಿಮಾಡಿಸಿಕೊಡಲು ಒಂದು ಕಾರ್ಖಾನೆಯವರು ಮುಂದೆ ಬಂದಿದ್ದರು, ಆದರೆ ಒಂದೇ ಒಂದು ಕೆಲಸಕ್ಕೆ. ಕೆರೆಯ ತಳಕ್ಕೆ ಜೇಡಿಮಣ್ಣು ಹಾಸಿ ರೋಲರ್ ಓಡಿಸಿ ನೀರು ಇಂಗದ ಹಾಗೆ ಮಾಡಬೇಕೋ, ಅಥವಾ ಗುಡ್ಡದ ಕಡೆಯಿಂದ ಕೆರೆಗೆ ನೀರು ತರುವ ಕಾಲುವೆಯನ್ನು ಬಿಡಿಸಬೇಕೋ ಎಂದು ಊರಿನ ಕೆರೆ ಸಂಘಕ್ಕೆ ಹೇಳುವುದು ನಮ್ಮ ಪಾಲಿನ ಕೆಲಸ. ಕಾಲುವೆ ಅರ್ಧಕ್ಕರ್ಧ ಮುಚ್ಚಿಹೋಗಿತ್ತು. ಅದರ ಮೇಲೆ ಕೆಲವರ ತೋಟದ ಬೇಲಿ ಬಂದಿತ್ತು.

ಕೆರೆಯ ನೀರಿನ ಲೆಕ್ಕಕ್ಕೆ ಕಂಪ್ಯೂಟರಿನಲ್ಲಿ ಒಂದು ಮಾದರಿ ಕಟ್ಟಿದೆ. ಮಳೆ, ಬಿಸಿಲಿಗೆ ಆವಿಯಾಗುವುದು, ತಳದಲ್ಲಿ ಇಂಗುವುದು, ಕಾಲುವೆಯಿಂದ ಬರುವುದು, ಹೂಳು, ತೂಬಿನ ಸೋರಿಕೆ, ಹೀಗೆ ಒಂಬತ್ತು ಅಂಶ. ಇವುಗಳಲ್ಲಿ ಯಾವುದನ್ನು ಎಷ್ಟು ಅಲುಗಾಡಿಸಿದರೆ ಕೆರೆಯ ಮಟ್ಟ ಎಷ್ಟು ಅಲುಗಾಡುತ್ತದೆ ಎಂದು ನೋಡಲು ಒಂದು ಸಾಫ್ಟ್‌ವೇರ್ ಇದೆ. ಅದು ಒಂಬತ್ತನ್ನೂ ಒಟ್ಟಿಗೆ ಹಿಗ್ಗಿಸಿ ಕುಗ್ಗಿಸಿ ಮಾದರಿಯನ್ನು ಸಾವಿರಾರು ಸಲ ಓಡಿಸಿ, ಯಾವುದು ಮೊದಲು, ಯಾವುದು ಎರಡನೆಯದು ಎಂದು ಸಾಲಾಗಿ ಕಂಬ ಎಳೆದು ತೋರಿಸುತ್ತದೆ. ಆಮೇಲೆ ಅಕ್ಕನ ಡಬ್ಬಿಯ ಹಾಗೆಯೇ, ಬಂದ ಉತ್ತರಗಳನ್ನು ಮತ್ತೆ ಮತ್ತೆ ಎತ್ತಿ ಹಾಕಿ, ಪ್ರತಿ ಕಂಬದ ತುದಿಗೆ ಒಂದು ಗೆರೆ ಎಳೆಯುತ್ತದೆ. ಕಂಬದ ನಿಜವಾದ ಎತ್ತರ ಆ ಗೆರೆಯೊಳಗೆ ಎಲ್ಲಿ ಬೇಕಾದರೂ ಇರಬಹುದು ಎಂದು ಅದರ ಅರ್ಥ.

ಮಾದರಿ ಸರಿಯಾಗಿದೆಯೇ ಎಂದು ತಾಳೆ ನೋಡಲು ಹಳೆಯ ನೀರಿನ ಮಟ್ಟ ಬೇಕಿತ್ತು. ಯಾವ ಕಚೇರಿಯಲ್ಲೂ ಸಿಗಲಿಲ್ಲ. ಊರಲ್ಲಿ ಕೇಳಿದಾಗ ಒಬ್ಬರು, ‘ನೀರುಗಂಟಮ್ಮನ್ನ ಕೇಳಿ’ ಅಂದರು. ತೂಬು ಎತ್ತಿ ಇಳಿಸಿ ಗದ್ದೆಗಳಿಗೆ ನೀರು ಬಿಡುವವನು ನೀರುಗಂಟಿ. ಈಕೆ ಅವನ ಹೆಂಡತಿ. ಗಂಡ ತೀರಿಕೊಂಡ ಮೇಲೂ ಊರವರು ಹಾಗೆಯೇ ಕರೆಯುತ್ತಿದ್ದರು. ಐವತ್ತೈದರ ಆಸುಪಾಸಿನ ವಯಸ್ಸು. ಮನೆಯ ಗೋಡೆಯ ಮೊಳೆಯಲ್ಲಿ ಆರು ವರ್ಷದ ಕ್ಯಾಲೆಂಡರುಗಳು ಒಂದರ ಮೇಲೊಂದು ನೇತಾಡುತ್ತಿದ್ದವು. ಪ್ರತಿ ತಾರೀಖಿನ ಚೌಕದಲ್ಲಿ ಪೆನ್ಸಿಲಿನಲ್ಲಿ ಒಂದು ಅಂಕಿ.

‘ಇದೇನಮ್ಮ?’

‘ಮೆಟ್ಲು ಕಣವ್ವ. ಏರಿ ಮೇಲಿಂದ ನೀರಿನ ತಂಕ ಮೆಟ್ಲವೆ. ಎಷ್ಟು ಕಾಣ್ತವೆ ಅಂತ ದಿನಾ ಬೆಳಿಗ್ಗೆ ನಮ್ಮ ಯಜಮಾನ್ರು ಎಣಿಸ್ಕಂಡು ಬಂದು ಯೋಳೋರು, ನಾನು ಬರೀತಿದ್ದೆ. ಈಗ ಎಣಿಸೋದೂ ನಾನೇಯ.’

ಕೊಡುತ್ತೀರಾ ಎಂದು ಕೇಳಲು ನನಗೆ ಸಂಕೋಚವಾಯಿತು. ಆಕೆ ತಾವೇ ಆರನ್ನೂ ಮೊಳೆಯಿಂದ ಬಿಚ್ಚಿ, ಒಂದು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಕೊಟ್ಟರು. ‘ವಾಪಸ್ ತಂದ್ಕೊಡು’ ಅಂದರು. ತಂದುಕೊಡುತ್ತೇನೆ ಅಂದೆ.

ಮೊದಲ ಸಲ ಓಡಿಸಿದಾಗ ತಳದಲ್ಲಿ ಇಂಗುವುದು ಮೊದಲ ಸ್ಥಾನಕ್ಕೆ ಬಂತು. ಕಾಲುವೆ ಅದರ ಬೆನ್ನಿಗೇ ಇತ್ತು. ಆದರೆ ಎರಡರ ಗೆರೆಗಳೂ ಉದ್ದ, ಹೆಚ್ಚುಕಡಿಮೆ ಪೂರ್ತಿ ಒಂದರ ಮೇಲೊಂದು ಬಿದ್ದಿದ್ದವು. ಅಂದರೆ ಯಾವುದು ಮೊದಲು ಎಂದು ಹೇಳುವಂತಿಲ್ಲ. ಅದು ಕೆರೆಯ ತಪ್ಪಲ್ಲ. ನಾವು ಓಡಿಸಿದ್ದು ಕಡಿಮೆ. ಹತ್ತು ಪಟ್ಟು ಹೆಚ್ಚು ಸಲ ಓಡಿಸಿದರೆ ಗೆರೆಗಳು ಚಿಕ್ಕದಾಗಿ ಯಾವುದಾದರೂ ಒಂದು ತೀರ್ಮಾನ ಸಿಗುತ್ತಿತ್ತು. ನಮ್ಮ ಆಫೀಸಿನ ಕಂಪ್ಯೂಟರಿಗೆ ಅದು ಇಪ್ಪತ್ತು ದಿನದ ಕೆಲಸ. ಅಕ್ಕನಿಗೆ ಹಾಗೇ ಹೇಳಿದೆ.

‘ಇಪ್ಪತ್ತು ದಿನ ಎಲ್ಲಿದೆ? ಸಂಘದೋರು ಮೀಟಿಂಗ್ ಫಿಕ್ಸ್ ಮಾಡ್ಬಿಟ್ಟಿದಾರೆ.’

‘ಎರಡೂ ಸಮಸಮ ಅಂತಲೇ ಬರೀಬಹುದಲ್ವಾ ಅಕ್ಕ?’

‘ನೋಡೋಣ ಬಿಡು. ನೀನು ನಿಮ್ಮಪ್ಪನ ಆಪರೇಷನ್ ಮುಗಿಸ್ಕೊಂಡು ಬಾ. ಇಲ್ಲಿದು ನಾನು ನೋಡ್ಕೋತೀನಿ.’

ನಮ್ಮಪ್ಪನಿಗೆ ಕಣ್ಣಿನ ಪೊರೆ ತೆಗೆಸಬೇಕಿತ್ತು. ಒಂಬತ್ತು ದಿನ ರಜೆ ಹಾಕಿದೆ. ಹೋಗುವ ಮೊದಲು ಆ ಊರಿಗೆ ಕೊನೆಯ ಅಳತೆಗೆಂದು ಹೋದಾಗ ನೀರುಗಂಟಮ್ಮ, ‘ಯಾವ್ದಂತೆ ನಿನ್ನ ಕಂಪ್ಯೂಟರು ಯೋಳೋದು?’ ಎಂದು ಕೇಳಿದ್ದರು. ‘ಎರಡೂ ಸಮ ಇದೆಯಮ್ಮ, ಈಗಲೇ ಹೇಳೋಕಾಗಲ್ಲ, ಇನ್ನೂ ನೋಡಬೇಕು’ ಎಂದಿದ್ದೆ. ಅವರ ಗಂಡ ಬದುಕಿರುವವರೆಗೂ ಕಾಲುವೆ ಬಿಡಿಸಿ ಎಂದು ಸಂಘದವರಿಗೆ ಹೇಳುತ್ತಲೇ ಇದ್ದರಂತೆ. ‘ಹಂಗಾರೆ ಅವ್ರು ಯೋಳಿದ್ದು ಸುಳ್ಳು ಅಂತ ಆಗಿಲ್ಲ ಬುಡು’ ಅಂದು, ನನಗೆ ಇನ್ನೊಂದು ಲೋಟ ಕಾಫಿ ಬಗ್ಗಿಸಿದರು.

ಮೀಟಿಂಗ್ ನಡೆದದ್ದು ಊರಿನ ಹಾಲಿನ ಡೈರಿಯ ಸಭಾಂಗಣದಲ್ಲಿ. ನಾನು ಆಸ್ಪತ್ರೆಯಿಂದ ನೇರ ಬಂದಿದ್ದೆ. ಕುರ್ಚಿಯ ಮೇಲೆ ಇಟ್ಟಿದ್ದ ಅಚ್ಚಾದ ವರದಿಯನ್ನು ಅಲ್ಲೇ ಮೊದಲ ಸಲ ನೋಡಿದೆ. ನಲವತ್ತೊಂದನೇ ಪುಟದಲ್ಲಿ ಕಂಬಗಳ ಚಿತ್ರವಿತ್ತು. ತಳ ಎತ್ತರಕ್ಕೆ ನಿಂತಿತ್ತು, ಕಾಲುವೆ ಅದಕ್ಕಿಂತ ಸಾಕಷ್ಟು ಕೆಳಗೆ. ತುದಿಗಳಲ್ಲಿ ಗೆರೆಗಳೂ ಇದ್ದವು. ಎರಡು ಗೆರೆಗಳ ನಡುವೆ ಬೆರಳು ತೂರಿಸುವಷ್ಟು ಜಾಗ. ಅದು ನಾನು ತೆಗೆದ ಚಿತ್ರವಾಗಿರಲಿಲ್ಲ.

ಅಕ್ಕ ಎದ್ದು ನಿಂತು ಮಾತಾಡಿದರು. ಅವರು ಚೆನ್ನಾಗಿ ಮಾತಾಡುತ್ತಾರೆ. ತಳಕ್ಕೆ ಜೇಡಿಮಣ್ಣು ಹಾಸುವುದೇ ಸರಿ, ಇದನ್ನು ಸಾವಿರ ಸಲ ಪರೀಕ್ಷಿಸಿದ್ದೇವೆ ಅಂದರು. ಸಂಘದ ಅಧ್ಯಕ್ಷರು ತಲೆದೂಗಿದರು. ಆಗ ಬಾಗಿಲ ಹತ್ತಿರ ಕೂತಿದ್ದ ನೀರುಗಂಟಮ್ಮ ಎದ್ದರು.

‘ಎರಡೂ ಸಮ ಐತೆ, ಇನ್ನೂ ನೋಡ್ಬೇಕು ಅಂತ ಈ ಹುಡುಗಿನೇ ಯೋಳಿದ್ಲು. ನಾನು ಊರ್ಗೆಲ್ಲ ಅದನ್ನೇ ಯೋಳಿವ್ನಿ. ಏನವ್ವ, ಯೋಳಿರ್ಲಿಲ್ವಾ?’

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಅಕ್ಕನ ಕಡೆ ನೋಡಿದೆ. ಅವರು ವರದಿಯ ಹಾಳೆ ತಿರುಗಿಸುತ್ತಿದ್ದರು. ಇಪ್ಪತ್ತು ದಿನದ ಕೆಲಸ ಒಂಬತ್ತು ದಿನದಲ್ಲಿ ಮುಗಿಯುವುದಿಲ್ಲ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ, ಏನೋ ದಾರಿ ಮಾಡಿರುತ್ತಾರೆ, ಅಕ್ಕ ಅಲ್ಲವೇ, ಅಂದುಕೊಂಡೆ. ಅಥವಾ ಹಾಗೆ ಅಂದುಕೊಳ್ಳಲು ಬಯಸಿದೆ.

‘ಅದು ಮೊದಲು ನೋಡಿದಾಗ ಅಮ್ಮ. ಆಮೇಲೆ ಮತ್ತೆ ನೋಡಿದ್ವಿ. ವರದಿಯಲ್ಲಿರೋದೇ ಸರಿ’ ಅಂದೆ.

ಆಕೆ ಕೂತರು. ಅವರ ಪಕ್ಕದಲ್ಲಿದ್ದವರು ಯಾರೋ ನಕ್ಕರು.

ಮಾರನೇ ಬೆಳಿಗ್ಗೆ ಆಫೀಸಿನಲ್ಲಿ ಅಕ್ಕ ಇರಲಿಲ್ಲ. ಕಂಪ್ಯೂಟರು ಹಾಕಿ ಕೆರೆಯ ಫೋಲ್ಡರ್ ತೆಗೆದೆ. ಆ ಸಾಫ್ಟ್‌ವೇರಿಗೆ ಒಂದು ಒಳ್ಳೆಯ ಗುಣವಿದೆ, ಯಾರು ಏನು ಓಡಿಸಿದರೂ ದಿನ, ಗಂಟೆ ಸಮೇತ ಬರೆದಿಡುತ್ತದೆ. ನಾನು ನಮ್ಮಪ್ಪನ ಕಣ್ಣಿಗೆ ಡ್ರಾಪ್ಸ್ ಹಾಕುತ್ತಾ ಕೂತಿದ್ದ ದಿನಗಳಲ್ಲಿ ಅದನ್ನು ಮೂವತ್ತೇಳು ಸಲ ಓಡಿಸಲಾಗಿತ್ತು. ದೊಡ್ಡದಾಗಿ ಒಂದು ಸಲವಲ್ಲ, ಚಿಕ್ಕಚಿಕ್ಕದಾಗಿ ಮೂವತ್ತೇಳು ಸಲ. ಪ್ರತಿ ಸಲಕ್ಕೂ ಸೀಡ್ ಬೇರೆ. ಸೀಡ್ ಅಂದರೆ ಚೀಟಿ ಎತ್ತುವುದನ್ನು ಎಲ್ಲಿಂದ ಶುರು ಮಾಡಬೇಕೆಂದು ಸಾಫ್ಟ್‌ವೇರಿಗೆ ಕೊಡುವ ಒಂದು ಸಂಖ್ಯೆ. ಅದನ್ನು ಬದಲಿಸಿದರೆ ಬೇರೆ ಚೀಟಿಗಳು ಬರುತ್ತವೆ, ಉತ್ತರವೂ ಸ್ವಲ್ಪ ಬದಲಾಗುತ್ತದೆ.

ಒಂದೊಂದೇ ತೆಗೆದು ನೋಡಿದೆ. ಇಪ್ಪತ್ತೆರಡರಲ್ಲಿ ಕಾಲುವೆ ಮೊದಲು, ಹದಿನೈದರಲ್ಲಿ ತಳ. ಹೆಚ್ಚಿನವುಗಳಲ್ಲಿ ಗೆರೆಗಳು ಒಂದರ ಮೇಲೊಂದು. ತಳ ಮೊದಲು ಬಂದು, ಗೆರೆಗಳೂ ಬಿಡಿಬಿಡಿಯಾಗಿ ನಿಂತದ್ದು ಒಂದೇ ಒಂದರಲ್ಲಿ. ಅದು ಮೂವತ್ತೇಳನೆಯದು. ಅದು ಬಂದ ಮೇಲೆ ಓಡಿಸುವುದನ್ನು ನಿಲ್ಲಿಸಲಾಗಿತ್ತು. ವರದಿಯಲ್ಲಿದ್ದ ಚಿತ್ರ ಅದೇ.

ಸಾವಿರ ಸಲ ಎಂಬ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಮೂವತ್ತೇಳನೆಯದನ್ನು ಸಾವಿರ ಸಲ ಮರುಮಾದರಿ ಮಾಡಿದ್ದು ನಿಜವೇ. ವಿಷಯ ಗೊತ್ತಿಲ್ಲದವರು ಅವಸರದಲ್ಲಿ ತಪ್ಪು ಮಾಡಿದ್ದರೆ ಕ್ಷಮಿಸಬಹುದಿತ್ತು. ಇದನ್ನು ಮಾಡಲು ಅದನ್ನು ಚೆನ್ನಾಗಿ ಬಲ್ಲವರೇ ಬೇಕು.

ಫೋಲ್ಡರನ್ನು ಪೂರ್ತಿ ಪೆನ್‌ಡ್ರೈವಿಗೆ ಹಾಕಿಕೊಂಡು ಅವತ್ತೇ ಗುಬ್ಬಿಗೆ ಹೋದೆ. ಅವರ ಮನೆ ಕೊಬ್ಬರಿ ಮಂಡಿಗಳ ಹಿಂದಿನ ರಸ್ತೆಯಲ್ಲಿ. ಎಷ್ಟೋ ಸಲ ಊಟ ಮಾಡಿದ ಮನೆ. ಅಕ್ಕ ಜಗಲಿಯ ಮೇಲೆ ಹುರುಳಿಕಾಯಿ ಸೋಸುತ್ತಿದ್ದರು. ನನ್ನ ಮುಖ ನೋಡಿ ಮೊರ ಪಕ್ಕಕ್ಕಿಟ್ಟರು.

‘ಮೂವತ್ತೇಳು ಸಲ ಓಡಿಸಿದೀರಲ್ಲ ಅಕ್ಕ.’

ಇಲ್ಲ ಅನ್ನಲಿಲ್ಲ. ‘ಕೂತ್ಕೊ’ ಅಂದರು. ನಾನು ನಿಂತೇ ಇದ್ದೆ.

‘ಎರಡೂ ಸಮ ಅಂತ ಬರೆದಿದ್ರೆ ಏನಾಗ್ತಿತ್ತು ಹೇಳು. ಕಾರ್ಖಾನೆಯೋರು ಬೇರೆ ಊರು ನೋಡ್ಕೋತಿದ್ರು. ಕಾಲುವೆ ಅಂತ ಬರೆದಿದ್ರೆ, ಬೇಲಿ ಹಾಕಿರೋರಲ್ಲಿ ಇಬ್ಬರು ಸಂಘದಲ್ಲೇ ಇದಾರೆ. ಹತ್ತು ವರ್ಷ ಕೋರ್ಟು. ತಳ ಅಂದ್ರೆ ಕೆಲಸನಾದ್ರೂ ಆಗುತ್ತೆ. ಏನೂ ಆಗದೆ ಇರೋದಕ್ಕಿಂತ ಏನೋ ಒಂದು ಆಗ್ಲಿ ಅಂತ.’

‘ಅದನ್ನೇ ಬರೀಬಹುದಿತ್ತಲ್ಲ. ಕಾಲುವೆ ಬಿಡಿಸೋಕೆ ಜನ ಒಪ್ಪಲ್ಲ, ಅದಕ್ಕೆ ತಳ ಮಾಡಿ ಅಂತ.’

‘ಯಾರಾದ್ರೂ ಬರೀತಾರೇನೇ ಅದನ್ನ?’

‘ನನ್ನ ಹೆಸರು ಯಾಕೆ ಹಾಕಿದ್ರಿ?’

ಅವರು ಮೊರವನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ ಮೆಲ್ಲಗೆ, ‘ನಿನ್ನ ಹೆಸರು ಬರಲಿ ಅಂತ. ಇಷ್ಟು ದಿನ ಯಾವುದರಲ್ಲೂ ಬಂದಿರಲಿಲ್ಲವಲ್ಲ’ ಅಂದರು. ಅದು ನಿಜವೋ ಸುಳ್ಳೋ ನನಗೆ ಇವತ್ತಿಗೂ ಗೊತ್ತಿಲ್ಲ. ನಿಜವಾಗಿರಬಹುದು ಎನ್ನುವುದೇ ಹೆಚ್ಚು ಸಂಕಟ ಕೊಡುತ್ತದೆ. ನನ್ನನ್ನು ತನ್ನ ಮೇಜಿನ ಬದಿಗೆ ಕೂರಿಸಿಕೊಂಡ ಕೈ, ನನ್ನ ಹೆಸರನ್ನು ಆ ಪುಟದಲ್ಲಿ ಬರೆದ ಕೈ, ಎರಡೂ ಒಂದೇ. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಡಲು ಬರುವುದಿಲ್ಲ.

‘ಆಫೀಸಲ್ಲಿದ್ದ ಕ್ಯಾಲೆಂಡರ್ ಎಲ್ಲಿ?’ ಎಂದು ಕೇಳಿದೆ. ಅವರು ಒಳಗೆ ಹೋಗಿ ಆ ಸೀರೆಯ ಗಂಟನ್ನು ತಂದುಕೊಟ್ಟರು. ಆಫೀಸಿನ ಬೀಗದಕೈಯನ್ನು ಜಗಲಿಯ ಮೇಲಿಟ್ಟು ಬಂದೆ. ಬಸ್‌ಸ್ಟ್ಯಾಂಡಿನವರೆಗೂ ಅವರು ಕೂಗುತ್ತಾರೇನೋ ಎಂದು ಕಿವಿ ಹಿಂದೆಯೇ ಇತ್ತು. ಕೂಗಲಿಲ್ಲ.

ಸಂಘಕ್ಕೂ ಕಾರ್ಖಾನೆಯವರಿಗೂ ಪತ್ರ ಬರೆದೆ, ಮೂವತ್ತೇಳು ಚಿತ್ರಗಳನ್ನೂ ಜೊತೆಗಿಟ್ಟೆ. ಸಂಘದಿಂದ ಉತ್ತರ ಬರಲಿಲ್ಲ. ಕಾರ್ಖಾನೆಯವರು ಎರಡು ಸಾಲು ಬರೆದರು: ತಮ್ಮ ಕಾಳಜಿಗೆ ಧನ್ಯವಾದ, ತಜ್ಞರ ವರದಿಯನ್ನು ಒಪ್ಪಿಕೊಳ್ಳಲಾಗಿದೆ. ಆ ವರದಿಯ ತಜ್ಞರಲ್ಲಿ ನಾನೂ ಒಬ್ಬಳು ಎಂದು ಅವರು ಗಮನಿಸಿದಂತೆ ಕಾಣಲಿಲ್ಲ.

ಕ್ಯಾಲೆಂಡರ್ ಕೊಡಲು ಹೋದಾಗ ಕೆರೆಯಲ್ಲಿ ರೋಲರ್ ಓಡುತ್ತಿತ್ತು. ನೀರುಗಂಟಮ್ಮ ಗಂಟು ಬಿಚ್ಚಿ ಆರನ್ನೂ ಎಣಿಸಿ ಮೊಳೆಗೆ ಹಾಕಿದರು. ನಡೆದದ್ದನ್ನೆಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡರು.

‘ಅವತ್ತೇ ಗೊತ್ತಾಯ್ತು. ನೀನು ನನ್ನ ಮುಖ ನೋಡ್ದಂಗೆ ಮಾತಾಡ್ದೆ.’

‘ತಪ್ಪಾಯ್ತಮ್ಮ.’

‘ನಿಮ್ಮ ಮೇಡಮ್ಮು ನಿಂಗೆ ಮೋಸ ಮಾಡಿದ್ಲು ಅಂತ ಅಳ್ತಾ ಇದೀಯ. ನಾನು ಯಾರ್ತಾವ ಅಳ್ಲಿ? ಊರ್ಗೆಲ್ಲ ಯೋಳಿದ್ದೆ. ಎಲ್ರ ಮುಂದೆ ಸುಳ್ಳುಗಾತಿ ಆದೋಳು ನಾನು ಕಣವ್ವ.’

ಅವತ್ತು ಕಾಫಿ ಕೊಡಲಿಲ್ಲ. ಕೊಡಬೇಕಿತ್ತು ಎಂದೂ ನನಗೆ ಅನ್ನಿಸಲಿಲ್ಲ. ಬಸ್ಸಿನಲ್ಲಿ ಬರುವಾಗ, ಅಷ್ಟು ದಿನವೂ ನಾನು ಮೋಸ ಹೋದವಳು ಎಂದು ಮಾತ್ರ ಅಂದುಕೊಂಡಿದ್ದೆನಲ್ಲ ಎಂದು ಯೋಚಿಸಿದೆ. ಅಕ್ಕ ನನಗೆ ಮಾಡಿದ್ದನ್ನು ಡೈರಿಯ ಸಭಾಂಗಣದಲ್ಲಿ ನಾನು ಒಂದೇ ಮಾತಿನಲ್ಲಿ ಇನ್ನೊಬ್ಬರಿಗೆ ಮಾಡಿ ಮುಗಿಸಿದ್ದೆ.

ಆ ವರ್ಷ ಮಳೆ ಹಿಡಿದು ಹುಯ್ಯಿತು. ಕೆರೆ ಕೋಡಿ ಬಿತ್ತು. ಜೇಡಿಮಣ್ಣು ಹಾಕಿಸಿದ್ದರಿಂದ ಎಂದು ಸಂಘದವರು ಬೋರ್ಡು ಬರೆಸಿದರು. ಅಕ್ಕನಿಗೆ ಇನ್ನೂ ಎರಡು ಕೆರೆಯ ಕೆಲಸ ಸಿಕ್ಕಿತು ಎಂದು ಕೇಳಿದೆ. ನಾನು ಒಂದು ಪಾಲಿಟೆಕ್ನಿಕ್ಕಿನಲ್ಲಿ ಸೇರಿಕೊಂಡೆ. ಅಲ್ಲಿನ ಲ್ಯಾಬಿನಲ್ಲಿ ಬೇಸಿಗೆ ರಜೆಗೆ ಕಂಪ್ಯೂಟರುಗಳು ಸುಮ್ಮನೆ ಇರುತ್ತವೆ. ಪ್ರಿನ್ಸಿಪಾಲರನ್ನು ಕೇಳಿ, ಒಂದರಲ್ಲಿ ಅದೇ ಕೆರೆಯನ್ನು ಹತ್ತು ಪಟ್ಟು ದೊಡ್ಡದಾಗಿ ಓಡಲು ಬಿಟ್ಟೆ. ಯಾರೂ ಕೇಳಿರಲಿಲ್ಲ, ಯಾರಿಗೂ ಬೇಕಾಗಿರಲಿಲ್ಲ. ದಿನಾ ಬೆಳಿಗ್ಗೆ ಹೋಗಿ ಕರೆಂಟು ಹೋಗಿಲ್ಲ ತಾನೇ ಎಂದು ನೋಡಿ ಬರುತ್ತಿದ್ದೆ. ಹದಿನೆಂಟು ದಿನಕ್ಕೆ ಮುಗಿಯಿತು. ಈ ಸಲ ಸೀಡ್ ಬದಲಿಸಿ ಇನ್ನೊಂದು ಕಂಪ್ಯೂಟರಿನಲ್ಲೂ ಓಡಿಸಿದ್ದೆ. ಎರಡರಲ್ಲೂ ಕಾಲುವೆ ಮೊದಲು. ಗೆರೆಗಳು ಚಿಕ್ಕವು, ದೂರದೂರ.

ನೀರುಗಂಟಮ್ಮನಿಗೆ ಹೇಳಲು ಹೋದೆ. ಬಾಗಿಲಲ್ಲೇ ನಿಂತು ಕೇಳಿದರು. ‘ನಂಗ್ಯಾಕೆ ಯೋಳ್ತೀಯ, ನಂಗೆ ಗೊತ್ತೇ ಐತೆ. ಡೈರಿತಾವ ಬಂದು ಯೋಳು.’

ಬೆಳಿಗ್ಗೆ ಹಾಲು ಹಾಕಲು ಬಂದವರು ಹತ್ತು ಹನ್ನೆರಡು ಜನ ಕ್ಯಾನು ಹಿಡಿದು ನಿಂತು ಕೇಳಿದರು. ಅವತ್ತು ನಾನು ಹೇಳಿದ್ದು ಸರಿಯಲ್ಲ, ಈ ಅಮ್ಮ ಹೇಳಿದ್ದೇ ನಿಜ, ಇವರ ಯಜಮಾನರು ಹೇಳುತ್ತಿದ್ದ ಹಾಗೆ ಕಾಲುವೆಯೇ ಮುಖ್ಯ ಅಂದೆ. ಒಬ್ಬರು, ‘ಈಗ ಯೋಳಿ ಏನ್ ಬಂತು, ಮಣ್ಣು ಹಾಕಾಯ್ತಲ್ಲ’ ಅಂದರು. ಇನ್ನೊಬ್ಬರು ತಮ್ಮ ಹಾಲಿಗೆ ಫ್ಯಾಟ್ ಎಷ್ಟು ಬಂತೆಂದು ಚೀಟಿ ನೋಡಿಕೊಳ್ಳುತ್ತಿದ್ದರು. ನೀರುಗಂಟಮ್ಮ ಸೆರಗು ಹೊದ್ದು ನಿಂತಿದ್ದವರು ಎಲ್ಲರ ಮುಖವನ್ನೂ ಒಂದು ಸುತ್ತು ನೋಡಿ ಮನೆ ಕಡೆ ನಡೆದರು. ಸ್ವಲ್ಪ ದೂರ ಹೋದ ಮೇಲೆ ತಿರುಗಿ, ‘ಬಸ್ ಬರೋದು ಒಂಬತ್ತೂವರೆಗೆ, ಅಲ್ಲೀಗಂಟ ಬಿಸ್ಲಲ್ಲಿ ನಿಂತ್ಕಬೇಡ’ ಅಂದರು.

ಆ ಎರಡು ಚಿತ್ರಗಳನ್ನು ಅಕ್ಕನಿಗೂ ಕಳಿಸಿದ್ದೆ, ಒಂದು ಮಾತೂ ಬರೆಯದೆ. ಒಂದು ವಾರದ ಮೇಲೆ, ತುಮಕೂರಿನ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದಾಗ ಫೋನಿಗೆ ಉತ್ತರ ಬಂತು. ‘ತುಂಬಾ ಚೆನ್ನಾಗಿ ಮಾಡಿದ್ದೀಯ ಕಣೇ. ಪಕ್ಕದ ಕೆರೆಯ ವರದಿ ಬರೀತಿದೀನಿ, ಇದನ್ನ ಓಡಿಸಿದ ಫೈಲ್ ಕಳಿಸ್ತೀಯಾ?’

ಆ ‘ಕಣೇ’ ಓದಿದಾಗ ಒಂದು ಗಳಿಗೆ ಖುಷಿಯಾಯಿತು. ಖುಷಿಯಾಯಿತಲ್ಲ ಎಂದು ನನ್ನ ಮೇಲೇ ಸಿಟ್ಟು ಬಂತು. ಫೈಲ್ ಕಳಿಸಲಿಲ್ಲ. ಮೆಸೇಜನ್ನು ಅಳಿಸಲೂ ಇಲ್ಲ.